ಬಿದ್ದ ತಂತಿಯನ್ನು ನಂಬಬೇಡಿ

ನಮ್ಮೂರ ಹೊಲಗಳ ಮೇಲೆ ದೊಡ್ಡ ಟವರ್ ಲೈನು ಹೋಗಿರುವುದನ್ನು ನೀವೆಲ್ಲ ನೋಡಿದ್ದೀರಿ. ಅದು 220 ಕೆ.ವಿ. ಲೈನು. ಅಂದರೆ 2,20,000 ವೋಲ್ಟ್! ನಮ್ಮ ಮನೆಗೆ ಬರುವುದು 230 ವೋಲ್ಟ್ ಮಾತ್ರ. ಇದರ ವಿಷಯ ಸಬ್‌ಸ್ಟೇಷನ್‌ನಲ್ಲಿ ಕೆಲಸ ಮಾಡುವ ನಮ್ಮ ಚಿಕ್ಕಪ್ಪ ಹೇಳಿದ್ದನ್ನು ಇಲ್ಲಿ ಬರೆದಿದ್ದೇನೆ.

ಕರೆಂಟು ತಂತಿ ಬಿಟ್ಟು ಭೂಮಿಗೆ ಹರಿದರೆ ಅದಕ್ಕೆ ‘ಅರ್ತ್ ಫಾಲ್ಟ್’ ಎನ್ನುತ್ತಾರೆ. ಸಿಡಿಲು ಬಡಿದಾಗ, ಮರದ ಕೊಂಬೆ ತಾಗಿದಾಗ, ತಂತಿ ಹರಿದು ಬಿದ್ದಾಗ ಹೀಗಾಗುತ್ತೆ.

ಇದನ್ನು ತಡೆಯಲು ಮೂರು ಕಾವಲುಗಳಿವೆ. ಮೊದಲನೆಯದು, ತಂತಿ ಟವರಿಗೆ ತಾಗದಂತೆ ಹಿಡಿದಿರುವ ಪಿಂಗಾಣಿ ಅಥವಾ ಗಾಜಿನ ಬಿಲ್ಲೆಗಳ ಸರ. ಎರಡನೆಯದು, ಟವರಿನ ತುದಿಯಲ್ಲಿರುವ ಸಣ್ಣ ತಂತಿ. ಅದರಲ್ಲಿ ಕರೆಂಟು ಕಳಿಸುವುದಿಲ್ಲ. ಸಿಡಿಲನ್ನು ತಾನು ಹಿಡಿದು ಟವರಿನ ಮೂಲಕ ನೆಲಕ್ಕೆ ಇಳಿಸುವುದೇ ಅದರ ಕೆಲಸ.

ಮೂರನೆಯದು ಸಬ್‌ಸ್ಟೇಷನ್‌ನಲ್ಲಿರುವ ರಿಲೇ. ಲೈನಿನ ಮೂರು ಫೇಸುಗಳ ಕರೆಂಟು ಒಂದರ ಹಿಂದೆ ಒಂದು ಏರಿಳಿಯುತ್ತದೆ. ಎಲ್ಲ ಸರಿಯಿದ್ದರೆ ಮೂರನ್ನೂ ಕೂಡಿಸಿದಾಗ ಹೆಚ್ಚುಕಡಿಮೆ ಸೊನ್ನೆ ಬರುತ್ತದೆ. ಒಂದು ಫೇಸಿನಿಂದ ನೆಲಕ್ಕೆ ಸೋರಿದರೆ ಲೆಕ್ಕ ತಪ್ಪುತ್ತದೆ. ರಿಲೇ ಅದನ್ನು ಕಂಡುಹಿಡಿದು ಬ್ರೇಕರಿಗೆ ತಿಳಿಸುತ್ತದೆ. ಬ್ರೇಕರ್ ಲೈನನ್ನು ಕಡಿಯುತ್ತದೆ. ದೊಡ್ಡ ಲೈನಿನಲ್ಲಿ ಇದೆಲ್ಲ ಸುಮಾರು 0.1 ಸೆಕೆಂಡಿನಲ್ಲಿ ಮುಗಿಯುತ್ತೆ. ಕಣ್ಣು ಮಿಟುಕಿಸಿದಷ್ಟು ಹೊತ್ತೂ ಇಲ್ಲ!

ಹಾಗಾದರೆ ನಮ್ಮ ಗೌರಿ ಯಾಕೆ ಸತ್ತಳು? ಹೋದ ಬೇಸಿಗೆಯಲ್ಲಿ ಜೋರು ಗಾಳಿಗೆ 11 ಕೆ.ವಿ. ತಂತಿ ಹರಿದು ನಮ್ಮ ಹೊಲದಲ್ಲಿ ಬಿತ್ತು. ಕಿಡಿ ಇಲ್ಲ, ಸದ್ದಿಲ್ಲ. ಮೇಯುತ್ತಿದ್ದ ಹಸು ಅದರ ಹತ್ತಿರ ಹೋಗಿ ದೊಪ್ಪನೆ ಬಿತ್ತು. ತಂತಿಯನ್ನು ಮುಟ್ಟಿರಲೂ ಇಲ್ಲ. ನಾನು ಅಳುತ್ತಾ ಓಡಿದೆ. ಅಜ್ಜ ನನ್ನ ರಟ್ಟೆ ಹಿಡಿದು ಎಳೆದು ನಿಲ್ಲಿಸಿದರು.

“ರಿಲೇ ಇದ್ದೂ ಯಾಕೆ ಕಡೀಲಿಲ್ಲ ಚಿಕ್ಕಪ್ಪಾ?” ಅಂತ ಕೇಳಿದೆ. “ಒಣ ನೆಲದಲ್ಲಿ, ಕಲ್ಲಿನ ಮೇಲೆ ಬಿದ್ದರೆ ಸ್ವಲ್ಪವೇ ಕರೆಂಟು ಇಳಿಯುತ್ತೆ ಮಗಾ. ಅಷ್ಟು ಕಮ್ಮಿ ರಿಲೇಗೆ ಗೊತ್ತಾಗಲ್ಲ. ಆದರೆ ಜೀವ ತೆಗೆಯೋಕೆ ಅಷ್ಟು ಸಾಕು” ಅಂದರು. ತಂತಿಯ ಸುತ್ತ ನೆಲದಲ್ಲಿ ಒಂದೊಂದು ಹೆಜ್ಜೆಗೂ ವೋಲ್ಟೇಜ್ ಬೇರೆ ಬೇರೆ ಇರುತ್ತದೆ. ಹಸುವಿನ ಮುಂಗಾಲು, ಹಿಂಗಾಲುಗಳ ನಡುವೆ ಅಂತರ ಹೆಚ್ಚು. ಅದಕ್ಕೇ ಕರೆಂಟು ಅದರ ಮೈಯೊಳಗೆ ಹಾದುಹೋಯಿತು.

ಇನ್ನೊಂದು ವಿಷಯ. ಕೆಲವು ಲೈನುಗಳು ಕಡಿದ ಮೇಲೆ ಸ್ವಲ್ಪ ಹೊತ್ತಿನಲ್ಲೇ ತಾವಾಗಿ ಮತ್ತೆ ಚಾಲೂ ಆಗುತ್ತವೆ. ಸಿಡಿಲಿನಂಥ ತೊಂದರೆ ಕ್ಷಣದಲ್ಲಿ ಹೋಗಿಬಿಡುವುದರಿಂದ ಹಾಗೆ ಮಾಡಿರುತ್ತಾರೆ. ಆದ್ದರಿಂದ ಕರೆಂಟು ಹೋಯ್ತು ಅಂತ ಬಿದ್ದ ತಂತಿಯ ಹತ್ತಿರ ಹೋಗಲೇಬಾರದು.

ಗೆಳೆಯರೇ, ಕನಿಷ್ಠ 10 ಮೀಟರ್ ದೂರ ಇರಿ. ಹತ್ತಿರದಲ್ಲೇ ಇದ್ದರೆ ಓಡಬೇಡಿ. ಎರಡೂ ಪಾದ ಜೋಡಿಸಿಕೊಂಡು, ನೆಲ ಬಿಡದೆ ಸರಿಯುತ್ತಾ ಆಚೆ ಬನ್ನಿ. ಕೋಲಿನಿಂದ ತಂತಿ ಎತ್ತಬೇಡಿ. ದೊಡ್ಡವರಿಗೆ ಹೇಳಿ 1912ಕ್ಕೆ ಫೋನ್ ಮಾಡಿಸಿ. ನಿಮ್ಮ ತಮ್ಮ ತಂಗಿಯರಿಗೂ ಇದನ್ನು ಓದಿ ಹೇಳಿ. ಅವತ್ತು ಅಜ್ಜ ನನ್ನನ್ನು ಹಿಡಿಯದಿದ್ದರೆ ಇದನ್ನು ಬರೆಯಲು ನಾನು ಇರುತ್ತಿರಲಿಲ್ಲ.