ಊರಿಗೆ ಗೊತ್ತಿದ್ದದ್ದು ಕಾಗದಕ್ಕೆ ಬಂದ ಬಗೆ

ಪೆರ್ಲ: ಹೆಲಿಕಾಪ್ಟರ್ ಸದ್ದು ಕೇಳಿದರೆ ಪಡ್ರೆಯ ಮಕ್ಕಳು ಒಂದು ಕಾಲದಲ್ಲಿ ಅಂಗಳಕ್ಕೆ ಓಡಿ ಬರುತ್ತಿದ್ದರು. ಗೇರು ಗುಡ್ಡದ ಮೇಲೆ ತಗ್ಗಿನಲ್ಲಿ ಹಾರುತ್ತಾ ಅದು ‘ಮದ್ದು’ ಬಿಡುತ್ತಿತ್ತು. ಗುಡ್ಡದ ಬುಡದಲ್ಲೇ ಮನೆ, ಶಾಲೆ, ಕುಡಿಯುವ ನೀರಿನ ತೋಡು, ಸುರಂಗ. ಮದ್ದಿನ ಹೆಸರು ಎಂಡೋಸಲ್ಫಾನ್.

1970ರ ದಶಕದ ಕೊನೆಯಿಂದ 2000ದ ಕೊನೆಯವರೆಗೆ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್‌ನ ಗೇರು ತೋಟಗಳಲ್ಲಿ ಇದು ನಡೆಯಿತು. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಮುಳಿಯಾರು ಮುಂತಾದ ಕಡೆ ಅಂಗವೈಕಲ್ಯ, ಬುದ್ಧಿಮಾಂದ್ಯ, ಅಪಸ್ಮಾರದ ಮಕ್ಕಳು ಯಾಕಿಷ್ಟು ಎಂದು ಜನ ಕೇಳುತ್ತಲೇ ಇದ್ದರು. ಕೆಲವರು ದೈವದ ಕೋಪ ಅಂದರು, ಕೆಲವರು ಹಣೆಬರಹ ಅಂದರು. ಗುಡ್ಡದ ಕಡೆ ಬೆರಳು ತೋರಿಸಿದವರಿಗೆ ‘ಸಾಕ್ಷಿ ಎಲ್ಲಿದೆ?’ ಎಂಬ ಪ್ರಶ್ನೆ ಎದುರಾಯಿತು.

ವೈದ್ಯರ ಗುಮಾನಿ

ವಾಣಿನಗರದಲ್ಲಿ 1980ರ ದಶಕದಿಂದ ರೋಗಿಗಳನ್ನು ನೋಡುತ್ತಿದ್ದ ಡಾ. ವೈ.ಎಸ್. ಮೋಹನ್ ಕುಮಾರ್ ಅವರಿಗೆ ಒಂದೇ ನೀರಿನ ಆಸರೆಯ ಮನೆಗಳಲ್ಲಿ ಕಾಯಿಲೆ ಹೆಚ್ಚಿರುವುದು ಕಂಡಿತು. ಅವರು ಕಂಡದ್ದನ್ನು ಬರೆದಿಟ್ಟರು, ವೈದ್ಯಕೀಯ ವಲಯದ ಗಮನಕ್ಕೂ ತಂದರು. ಪತ್ರಕರ್ತ ಶ್ರೀಪಡ್ರೆ ಪತ್ರಿಕೆಗಳಲ್ಲಿ ಬರೆದರು. ಲೀಲಾಕುಮಾರಿ ಅಮ್ಮ ಹೊಸದುರ್ಗದ ನ್ಯಾಯಾಲಯದ ಮೆಟ್ಟಿಲೇರಿದರು.

2001ರಲ್ಲಿ ದಿಲ್ಲಿಯ ಸೆಂಟರ್ ಫಾರ್ ಸೈನ್ಸ್ ಆ್ಯಂಡ್ ಎನ್ವಿರಾನ್‌ಮೆಂಟ್ ಸಂಸ್ಥೆ ಪಡ್ರೆಯ ನೀರು, ಮಣ್ಣು, ರಕ್ತದಲ್ಲಿ ವಿಷದ ಅಂಶ ಇದೆ ಎಂದಿತು. ಅದೇ ವರ್ಷ ಕಾರ್ಪೊರೇಶನ್ ಮಾಡಿಸಿದ ಪರೀಕ್ಷೆ ರಕ್ತದಲ್ಲೂ ನೀರಲ್ಲೂ ಇಲ್ಲ ಎಂದಿತು. ಜನ ಯಾರ ಮಾತು ನಂಬಬೇಕು?

207 ಹುಡುಗರು

ಇದಾದ ಮೇಲೆ ಬಂದದ್ದು ಅಹ್ಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಅಧ್ಯಯನ. ಗೇರು ತೋಟದ ತಪ್ಪಲಿನ ಊರಿನ 10ರಿಂದ 19 ವರ್ಷದ 117 ಹುಡುಗರನ್ನು, ಇಂಥ ಸಿಂಪಡಣೆ ಕಾಣದ ಊರಿನ 90 ಹುಡುಗರ ಜತೆ ಹೋಲಿಸಲಾಯಿತು. ಸಿಂಪಡಣೆ ನಿಂತ ಮೇಲೂ ತಪ್ಪಲಿನ ಹುಡುಗರ ರಕ್ತದಲ್ಲಿ ಎಂಡೋಸಲ್ಫಾನ್ ಹೆಚ್ಚಿತ್ತು. ಪ್ರಾಯಕ್ಕೆ ಬರುವುದು ತಡವಾಗಿತ್ತು. ಟೆಸ್ಟೋಸ್ಟಿರೋನ್ ಹಾರ್ಮೋನ್ ಕಡಿಮೆ ಇತ್ತು.

2003ರ ಡಿಸೆಂಬರಿನಲ್ಲಿ ಇದು ‘ಎನ್ವಿರಾನ್‌ಮೆಂಟಲ್ ಹೆಲ್ತ್ ಪರ್‌ಸ್ಪೆಕ್ಟಿವ್ಸ್’ನಲ್ಲಿ ಅಚ್ಚಾಯಿತು. ಪರಿಸರದಿಂದ ಮನುಷ್ಯರ ಆರೋಗ್ಯಕ್ಕೆ ಏನಾಗುತ್ತದೆ ಎಂಬುದಕ್ಕೇ ಮೀಸಲಾಗಿ 1972ರಲ್ಲಿ ಶುರುವಾದ ಪತ್ರಿಕೆ ಅದು. ಆಗ ಅಮೆರಿಕ ಸರಕಾರದ ಪರಿಸರ ಆರೋಗ್ಯ ಸಂಸ್ಥೆ ಅದನ್ನು ಹೊರತರುತ್ತಿತ್ತು. ಹುಡುಗರ ಸಂಖ್ಯೆ ಕಡಿಮೆ, ಕೆಲವರು ಪರೀಕ್ಷೆಗೆ ಬರಲಿಲ್ಲ ಎಂಬ ಮಿತಿಯನ್ನು ಸಂಶೋಧಕರೇ ಒಪ್ಪಿಕೊಂಡಿದ್ದರು. ತಕರಾರಿನ ಪತ್ರಗಳೂ ಅದಕ್ಕೆ ಉತ್ತರವೂ 2004ರಲ್ಲಿ ಅದೇ ಪತ್ರಿಕೆಯಲ್ಲಿ ಬಂದವು. ಅಚ್ಚಾದ ಸಂಶೋಧನೆಯ ಬಲವೇ ಇದು. ವಿರೋಧಿಸುವವರೂ ಬರೆದೇ ವಿರೋಧಿಸಬೇಕು, ಯಾರು ಬೇಕಾದರೂ ಓದಿ ನೋಡಬಹುದು.

ತಾಯಿಯ ಪ್ರಶ್ನೆ

2011ರ ಏಪ್ರಿಲಿನಲ್ಲಿ ಸ್ಟಾಕ್‌ಹೋಂ ಒಪ್ಪಂದದ ನಿಷೇಧ ಪಟ್ಟಿಗೆ ಎಂಡೋಸಲ್ಫಾನ್ ಸೇರಿತು. ಮೇ 13ರಂದು ಸುಪ್ರೀಂ ಕೋರ್ಟ್ ದೇಶದಲ್ಲಿ ಅದರ ತಯಾರಿ, ಬಳಕೆಗೆ ತಡೆ ಹಾಕಿತು. ಸಂತ್ರಸ್ತರಿಗೆ ತಲಾ 5 ಲಕ್ಷ ರೂ. ಕೊಡಲು 2017ರ ಜನವರಿಯಲ್ಲಿ ಆದೇಶವಾಯಿತು. ಐದು ವರ್ಷ ಕಳೆದರೂ 3,704 ಮಂದಿಯಲ್ಲಿ ಹಣ ಸಿಕ್ಕಿದ್ದು ಬರೇ 8 ಮಂದಿಗೆ ಎಂದು ಅದೇ ಕೋರ್ಟ್ 2022ರಲ್ಲಿ ಸರಕಾರವನ್ನು ತರಾಟೆಗೆ ತೆಗೆದುಕೊಂಡಿತು. ಇದೇ ವಿಷ ಬಿದ್ದ ಬೆಳ್ತಂಗಡಿಯ ಕೊಕ್ಕಡ ಕಡೆಯ ಮನೆಗಳಿಗೂ ಇಂಥ ಅಲೆದಾಟ ಹೊಸತಲ್ಲ.

‘ನನ್ನ ಮಗುವಿಗೆ ಹೀಗಾದ್ದು ಅದರಿಂದಲೇನಾ?’ ಎಂದು ತಾಯಿ ಕೇಳಿದರೆ 207 ಹುಡುಗರ ಅಧ್ಯಯನ ಉತ್ತರ ಕೊಡಲಾರದು. ಅದು ಹೇಳಿದ್ದು ಊರಿನ ಲೆಕ್ಕ, ಅದೂ ಹುಡುಗರದ್ದು ಮಾತ್ರ. ಒಂದೊಂದು ಮಗುವಿನ ಲೆಕ್ಕ ಇರುವುದು ಮನೆಯ ಕಪಾಟಿನ ಹಳೇ ಚೀಟಿ, ಎಕ್ಸ್‌ರೇ, ಆಸ್ಪತ್ರೆ ಪುಸ್ತಕದಲ್ಲಿ. ಪಟ್ಟಿಗೆ ಹೆಸರು ಸೇರಿಸಲು, ಪರಿಹಾರ ಕೇಳಲು ಅವೇ ಆಧಾರ. ಮಾಸಿದ ಕಾಗದ ಎಂದು ಅವನ್ನು ಒಲೆಗೆ ಹಾಕುವ ಹಾಗಿಲ್ಲ. ವಾಣಿನಗರದ ವೈದ್ಯರು ಬರೆದಿಡದೇ ಹೋಗಿದ್ದರೆ ಈ ಊರಿನ ಕತೆ ಗುಡ್ಡ ದಾಟುವುದು ಇನ್ನೆಷ್ಟು ತಡವಾಗುತ್ತಿತ್ತೋ.