ತರುಣರ ಕಾದಂಬರಿಗಳಲ್ಲಿ ದಬ್ಬಾಳಿಕೆಯ ಚಿತ್ರ

ಇತಿಹಾಸದ ತರಗತಿಯಲ್ಲಿ ಗುಲಾಮಗಿರಿಯನ್ನು ಕುರಿತೋ ಅಸ್ಪೃಶ್ಯತೆಯನ್ನು ಕುರಿತೋ ಪಾಠವಾಗುವಾಗ ವಿದ್ಯಾರ್ಥಿಗಳು ತಪ್ಪದೆ ಕೇಳುವ ಪ್ರಶ್ನೆಯೊಂದುಂಟು: ಅಷ್ಟೊಂದು ಜನರಿದ್ದರಲ್ಲ, ಅವರೇಕೆ ತಿರುಗಿಬೀಳಲಿಲ್ಲ? ಅಧ್ಯಾಪಕವೃತ್ತಿಯಲ್ಲಿರುವವರೆಲ್ಲರೂ ಇದನ್ನು ಒಂದಲ್ಲ ಒಂದು ದಿನ ಎದುರಿಸಿಯೇ ಇರುವರು. ಕೇಳುವವರ ಮನಸ್ಸಿನಲ್ಲಿ ಕೇಡೇನೂ ಇರುವುದಿಲ್ಲ. ಆದರೂ ಪ್ರಶ್ನೆಯ ಒಡಲಲ್ಲಿ ಒಂದು ತೀರ್ಪು ಅಡಗಿದೆ. ಸಹಿಸಿದವರು ಹೇಡಿಗಳು, ಇಲ್ಲವೇ ಮೂಢರು, ಇಲ್ಲವೇ ಆ ಸ್ಥಿತಿಯಲ್ಲಿಯೇ ಸುಖ ಕಂಡವರು ಎಂಬುದೇ ಆ ತೀರ್ಪು. ಈ ವಿದ್ಯಾರ್ಥಿಗಳು ಕೆಲವು ವರ್ಷಗಳಿಂದ ಆಂಗ್ಲಭಾಷೆಯಲ್ಲಿ ಬಹಳ ಆಸಕ್ತಿಯಿಂದ ಓದುತ್ತಿರುವ ಒಂದು ಬಗೆಯ ಕಾದಂಬರಿಗಳಿಗೆ ದಬ್ಬಾಳಿಕೆಯೇ ವಸ್ತು. ಆ ಕಾದಂಬರಿಗಳು ಮೇಲೆ ಹೇಳಿದ ತೀರ್ಪನ್ನು ತಿದ್ದುತ್ತವೆಯೋ ಇನ್ನಷ್ಟು ಗಟ್ಟಿಮಾಡುತ್ತವೆಯೋ ಎಂಬ ಕುತೂಹಲದಿಂದ ನಾವೂ ಅವುಗಳಲ್ಲಿ ಕೆಲವನ್ನು ಓದಿದೆವು. ನಾವು ಸಾಹಿತ್ಯ ವಿಮರ್ಶಕರಲ್ಲ. ಇತಿಹಾಸದ ಅಭ್ಯಾಸಿಗಳಾಗಿ ನಮಗೆ ತೋರಿದುದನ್ನು ಮಾತ್ರ ಇಲ್ಲಿ ನಿವೇದಿಸುತ್ತೇವೆ.

ಮೊದಲು ಈ ಪ್ರಕಾರದ ಹುಟ್ಟನ್ನು ಕುರಿತು ಎರಡು ಮಾತು. ಸರ್ ಥಾಮಸ್ ಮೋರನು ೧೫೧೬ರಲ್ಲಿ 'ಯುಟೋಪಿಯ' ಎಂಬ ಆದರ್ಶರಾಜ್ಯವನ್ನು ಕಲ್ಪಿಸಿದನು. ಅದರ ವಿರುದ್ಧಪದವಾದ 'ಡಿಸ್ಟೋಪಿಯ'ದ ಮೂಲರೂಪವನ್ನು ಜಾನ್ ಸ್ಟೂಅರ್ಟ್ ಮಿಲ್ಲನು ೧೮೬೮ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಬಳಸಿದನು. ಆಗ ಅಲ್ಲಿ ನಡೆಯುತ್ತಿದ್ದುದು ಐರ್ಲೆಂಡಿನ ಆಡಳಿತವನ್ನು ಕುರಿತ ಚರ್ಚೆ. ಪರಾಧೀನವಾದ ಒಂದು ನಾಡಿನ ವಿಚಾರದಲ್ಲಿ ಪ್ರಯೋಗವಾದ ಮಾತು ಮುಂದೆ ಕಲ್ಪಿತ ನಾಡುಗಳ ಹೆಸರಾದುದು ಗಮನಾರ್ಹ. ಕನ್ನಡದಲ್ಲಿ ಅದನ್ನು ದುಃಸ್ವಪ್ನರಾಜ್ಯವೆಂದು ಕರೆಯಬಹುದು. ರಷ್ಯದ ಜಮ್ಯಾಟಿನ್ ೧೯೨೦-೨೧ರಲ್ಲಿ ಬರೆದ 'ನಾವು', ಹಕ್ಸ್‌ಲಿಯು ೧೯೩೨ರಲ್ಲಿ ಪ್ರಕಟಿಸಿದ 'ಬ್ರೇವ್ ನ್ಯೂ ವರ್ಲ್ಡ್', ಆರ್ವೆಲ್ಲನ ೧೯೪೯ರ 'ನೈನ್‌ಟೀನ್ ಎಯ್‌ಟಿ-ಫೋರ್' ಇವು ಪ್ರೌಢರಿಗಾಗಿ ಬರೆದವು. ಅವುಗಳಲ್ಲಿ ವ್ಯಕ್ತಿಯು ಕೊನೆಗೆ ರಾಜ್ಯದ ಮುಂದೆ ಸೋಲುತ್ತಾನೆ. ತರುಣರಿಗಾಗಿ ಬಂದ ಕಾದಂಬರಿಗಳಲ್ಲಿ ಮುಖ್ಯಪಾತ್ರವು ಹನ್ನೆರಡರಿಂದ ಹದಿನೆಂಟರೊಳಗಿನ ಬಾಲಕ ಅಥವಾ ಬಾಲಕಿ. ಅಲ್ಲಿ ಆಶೆಯನ್ನು ಪೂರ್ಣವಾಗಿ ಆರಿಸಿಬಿಡುವುದು ವಿರಳ.

ಈ ಗುಂಪಿನಲ್ಲಿ ಅತ್ಯಂತ ಪ್ರಸಿದ್ಧವಾದುದು ಅಮೆರಿಕದ ಸೂಸನ್ ಕಾಲಿನ್ಸ್ ಅವರ 'ದಿ ಹಂಗರ್ ಗೇಮ್ಸ್'. ಮೊದಲ ಸಂಪುಟ ೨೦೦೮ರಲ್ಲಿ, ಮೂರನೆಯದು ೨೦೧೦ರಲ್ಲಿ ಹೊರಬಂದವು. ಭಾವಿಕಾಲದ ಉತ್ತರ ಅಮೆರಿಕದಲ್ಲಿ ಪ್ಯಾನೆಮ್ ಎಂಬ ರಾಜ್ಯ. ರಾಜಧಾನಿಯ ಭೋಗಕ್ಕಾಗಿ ದುಡಿಯುವ ಹನ್ನೆರಡು ಜಿಲ್ಲೆಗಳು. ಹಿಂದೊಮ್ಮೆ ದಂಗೆಯೆದ್ದುದಕ್ಕೆ ದಂಡನೆಯಾಗಿ ಪ್ರತಿವರ್ಷವೂ ಪ್ರತಿಯೊಂದು ಜಿಲ್ಲೆಯಿಂದ ಒಬ್ಬ ಹುಡುಗ, ಒಬ್ಬ ಹುಡುಗಿಯನ್ನು ಚೀಟಿಯೆತ್ತಿ ಆರಿಸಿ, ಆ ಇಪ್ಪತ್ತನಾಲ್ವರು ಒಬ್ಬನುಳಿಯುವವರೆಗೆ ಒಬ್ಬರನ್ನೊಬ್ಬರು ಕೊಲ್ಲುವುದನ್ನು ದೇಶಕ್ಕೆಲ್ಲ ಪ್ರದರ್ಶಿಸುತ್ತಾರೆ. ಅಥೆನ್ಸ್ ನಗರವು ಕ್ರೀಟಿನ ಮಿನೋಟಾರನಿಗೆ ಏಳು ಮಂದಿ ಯುವಕರನ್ನೂ ಏಳು ಮಂದಿ ಯುವತಿಯರನ್ನೂ ಕಪ್ಪವಾಗಿ ಒಪ್ಪಿಸುತ್ತಿದ್ದ ಗ್ರೀಕ್ ಪುರಾಣಕಥೆ ಇದರ ಹಿಂದಿದೆ. ರಾಜ್ಯದ ಹೆಸರು ರೊಟ್ಟಿ ಎಂಬರ್ಥದ ಲ್ಯಾಟಿನ್ ಶಬ್ದ. ರೋಮಿನ ಪ್ರಜೆಗಳು ಅನ್ನಕ್ಕೂ ಆಟಕ್ಕೂ ತಮ್ಮ ರಾಜಕೀಯ ಸ್ವತ್ತನ್ನೆಲ್ಲ ಮಾರಿಕೊಂಡರೆಂದು ಜುವೆನಾಲ್ ಕವಿಯು ವಿಡಂಬಿಸಿದುದನ್ನು ಬಲ್ಲವರಿಗೆ ಹೆಸರಿನ ಇಂಗಿತ ತಿಳಿಯುತ್ತದೆ.

ಬಹುಮಂದಿ ವಾಚಕರ ನೆನಪಿನಲ್ಲಿ ಉಳಿಯುವುದು ಆ ರಣರಂಗ. ನಮಗಾದರೋ ಅದಕ್ಕೂ ಮೊದಲೇ ಬರುವ ಒಂದು ಸಣ್ಣ ಆಡಳಿತ ನಿಯಮವೇ ಇಡೀ ಗ್ರಂಥದ ಸಾರವೆಂದು ತೋರಿತು. ಹನ್ನೆರಡು ತುಂಬಿದ ಮಗುವಿನ ಹೆಸರು ಒಂದು ಚೀಟಿಯಲ್ಲಿ ಸೇರುತ್ತದೆ. ವರ್ಷಕ್ಕೊಂದರಂತೆ ಹೆಚ್ಚಿ ಹದಿನೆಂಟಕ್ಕೆ ಏಳಾಗುತ್ತದೆ. ಇಷ್ಟು ಎಲ್ಲರಿಗೂ ಸಮಾನ. ಆದರೆ ಬಡವರ ಮಕ್ಕಳು ತಮ್ಮ ಹೆಸರನ್ನು ಇನ್ನೂ ಹೆಚ್ಚು ಸಲ ಬರೆಯಿಸಬಹುದು. ಹೆಚ್ಚಿನ ಒಂದೊಂದು ಚೀಟಿಗೂ ಒಬ್ಬರಿಗೆ ವರ್ಷಕ್ಕಾಗುವಷ್ಟು ಕಾಳು ಮತ್ತು ಎಣ್ಣೆ ದೊರೆಯುತ್ತದೆ, ಅದೂ ಅರೆಹೊಟ್ಟೆಗೆ. ಇದಕ್ಕೆ ಲೇಖಿಕೆಯು ಇಟ್ಟಿರುವ ಹೆಸರು 'ಟೆಸೆರಾ'. ಕಥಾನಾಯಿಕೆ ಕ್ಯಾಟ್ನಿಸ್ ತನಗೂ ತಾಯಿಗೂ ತಂಗಿಗೂ ಹೀಗೆ ಧಾನ್ಯ ಪಡೆದವಳು. ಆದುದರಿಂದ ವರ್ಷಕ್ಕೆ ನಾಲ್ಕರಂತೆ ಹದಿನಾರನೆಯ ವಯಸ್ಸಿಗೆ ಅವಳ ಹೆಸರಿನ ಚೀಟಿಗಳು ೨೦. ಐದು ಮಂದಿಯ ಕುಟುಂಬವನ್ನು ಸಾಕುವ ಅವಳ ಮಿತ್ರ ಗೇಲ್‌ನವು ಹದಿನೆಂಟಕ್ಕೆ ೪೨. ಕಾಳಿಗಾಗಿ ಚೀಟಿ ಸೇರಿಸಬೇಕಾಗಿಲ್ಲದ ಮೇಯರನ ಮಗಳಿಗೆ ಹದಿನಾರರಲ್ಲಿ ಇರುವುದು ಐದೇ. ಕಾನೂನು ಎಲ್ಲರಿಗೂ ಒಂದೇ, ಚೀಟಿಯೆತ್ತುವವರಲ್ಲಿ ಪಕ್ಷಪಾತವಿಲ್ಲ, ಹೆಚ್ಚಿನ ಚೀಟಿಗಳನ್ನು ಹಾಕಿದವರು ಯಾರು? ಮಕ್ಕಳೇ! ಹಸಿದವರಿಗೂ ಉಣ್ಣುವವರಿಗೂ ನಡುವೆ ಇದರಿಂದ ದ್ವೇಷ ಬೆಳೆಯುವುದೂ ರಾಜಧಾನಿಗೆ ಲಾಭವೆಂದು ಗೇಲ್ ಅರಿತಿದ್ದಾನೆ. ಅರಿತಿದ್ದೂ ಮರುವರ್ಷ ಮತ್ತೆ ಹೆಸರು ಬರೆಯಿಸಿದ್ದಾನೆ, ಏಕೆಂದರೆ ಮನೆಯಲ್ಲಿ ಕಾಳು ಮುಗಿದಿರುತ್ತದೆ.

ಟೆಸೆರಾ ಎಂಬುದು ಲೇಖಿಕೆಯ ಸೃಷ್ಟಿಯಲ್ಲ. ಕ್ರಿ. ಪೂ. ೧೨೩ರಲ್ಲಿ ಗೇಯಸ್ ಗ್ರಾಕಸನು ಅಗ್ಗದ ಧಾನ್ಯದ ಶಾಸನವನ್ನು ತಂದ ಮೇಲೆ ರೋಮಿನಲ್ಲಿ ಬೆಳೆದುಬಂದ ಧಾನ್ಯವಿತರಣೆಯಲ್ಲಿ, ಸಾಮ್ರಾಜ್ಯದ ಕಾಲಕ್ಕೆ, ಅರ್ಹರಾದ ಪ್ರಜೆಗಳು ತೋರಿಸಬೇಕಾಗಿದ್ದ ಬಿಲ್ಲೆಗೆ ಇದೇ ಹೆಸರಿತ್ತು. ಆದರೆ ರೋಮಿನ ಬಿಲ್ಲೆ ಒಂದು ಹಕ್ಕಿನ ಗುರುತು. ಕಾಲಿನ್ಸ್ ಅವರು ಅದನ್ನು ಸಾಲದ ಪತ್ರವನ್ನಾಗಿ ಮಾರ್ಪಡಿಸಿದ್ದಾರೆ. ಇಲ್ಲಿ ನಮಗೆ ರೋಮಿಗಿಂತ ಹತ್ತಿರದ ಒಂದು ಗ್ರಂಥ ನೆನಪಾಗದೆ ಇರಲಿಲ್ಲ. ಶಿವರಾಮ ಕಾರಂತರ 'ಚೋಮನ ದುಡಿ' ಪ್ರಕಟವಾದುದು ೧೯೩೩ರಲ್ಲಿ. ಚೋಮನ ಸಾಲವನ್ನು ತೀರಿಸಲು ಅವನ ಮಕ್ಕಳು ಘಟ್ಟದ ಕಾಫಿ ತೋಟಕ್ಕೆ ಹೋಗುತ್ತಾರೆ. ಮೊದಲು ಗಂಡುಮಕ್ಕಳು, ಅನಂತರ ಮಗಳು ಬೆಳ್ಳಿ. ಅಲ್ಲಿಯೂ ಕಾವಲಿನ ಸಿಪಾಯಿಗಳಿಲ್ಲ, ಸಂಕೋಲೆಯಿಲ್ಲ; ಇರುವುದು ಲೆಕ್ಕದ ಪುಸ್ತಕ. ಕೈಬದಲು ಪಡೆದ ಕಾಳಿಗೋ ಮದುವೆಯ ಖರ್ಚಿಗೋ ಮಗನನ್ನು ಜೀತಕ್ಕಿಡುವ ಪದ್ಧತಿ ನಮ್ಮ ನಾಡಿನಲ್ಲಿ ಎಷ್ಟು ಸಾಮಾನ್ಯವಾಗಿತ್ತೆಂಬುದನ್ನು ಹಳ್ಳಿಯಿಂದ ಬಂದ ವಿದ್ಯಾರ್ಥಿಗಳಿಗೆ ಹೇಳಬೇಕಾಗಿಲ್ಲ. ಅದನ್ನು ದೇಶದಾದ್ಯಂತ ಕಾನೂನಿನಿಂದ ರದ್ದುಗೊಳಿಸಿದ ಅಧಿನಿಯಮ ೧೯೭೬ರದು. ದಬ್ಬಾಳಿಕೆಯು ಬಹಳ ಕಾಲ ಬಾಳುವುದು ಚಾಟಿಯಿಂದಲ್ಲ, ಪ್ರತಿವರ್ಷವೂ ಬಡವನೇ ಬಂದು ರುಜು ಹಾಕುವಂತೆ ಮಾಡುವ ಏರ್ಪಾಡಿನಿಂದ. ಈ ಸಂಗತಿಯನ್ನು ಹದಿನಾಲ್ಕರ ವಾಚಕನಿಗೂ ತಿಳಿಯುವಂತೆ, ಕೂಡುವ ಲೆಕ್ಕದ ಮೂಲಕ ತೋರಿಸಿರುವುದು ಕಾಲಿನ್ಸ್ ಅವರ ನಿಜವಾದ ಸಾಧನೆ ಎಂದು ನಮ್ಮ ಅಭಿಪ್ರಾಯ.

ಲೋಯಿಸ್ ಲೌರಿ ಅವರ 'ದಿ ಗಿವರ್' (೧೯೯೩) ಇನ್ನೊಂದು ಬಗೆಯದು. ಇಲ್ಲಿ ಹಸಿವಿಲ್ಲ, ಕ್ರೌರ್ಯವೂ ಕಣ್ಣಿಗೆ ಬೀಳುವುದಿಲ್ಲ. ಎಲ್ಲರೂ ಒಂದೇ ಆಗಿರಬೇಕೆಂಬ ನಿಯಮದ ಆ ಸಮಾಜದಲ್ಲಿ ಬಣ್ಣಗಳೂ ಇಲ್ಲ. ಹಿಂದಿನ ಕಾಲದ ನೆನಪುಗಳೆಲ್ಲ ಒಬ್ಬ ವೃದ್ಧನಲ್ಲಿ ಮಾತ್ರ ಉಳಿದಿವೆ. ಹನ್ನೆರಡು ವರ್ಷದ ಜೋನಾಸ್ ಅವನ ಉತ್ತರಾಧಿಕಾರಿಯಾಗುತ್ತಾನೆ. ತಾವು ಕಳೆದುಕೊಂಡದ್ದೇನೆಂದು ಜನರಿಗೆ ಗೊತ್ತಿಲ್ಲ, ಆದಕಾರಣ ಅವರು ಪ್ರತಿಭಟಿಸುವುದಿಲ್ಲ. ಈ ಉತ್ತರ ಸೊಗಸಾಗಿದೆ, ಇತಿಹಾಸದ ಅಧ್ಯಾಪಕರ ವೃತ್ತಿಗೆ ಗೌರವವನ್ನೂ ತರುತ್ತದೆ. ಅದೇ ಕಾರಣದಿಂದ ನಾವು ಅದನ್ನು ಸ್ವಲ್ಪ ಸಂಶಯದಿಂದಲೇ ನೋಡಬೇಕು. ಚೋಮನಿಗೆ ಮರೆವು ಇರಲಿಲ್ಲ. ತನಗೆ ಬೇಸಾಯಕ್ಕೆ ಭೂಮಿಯಿಲ್ಲವೆಂಬುದು ಅವನಿಗೆ ಪ್ರತಿದಿನವೂ ನೆನಪಿತ್ತು.

ಇಂಗ್ಲೆಂಡಿನ ಮ್ಯಾಲರಿ ಬ್ಲ್ಯಾಕ್‌ಮನ್ ಅವರು ೨೦೦೧ರಲ್ಲಿ ಪ್ರಕಟಿಸಿದ 'ನಾಟ್ಸ್ ಅಂಡ್ ಕ್ರಾಸಸ್' ಕಾದಂಬರಿಯಲ್ಲಿ ಕಪ್ಪುಬಣ್ಣದವರು ಆಳುವವರು. ಬಿಳಿಯರು ಹಿಂದೆ ಗುಲಾಮರಾಗಿದ್ದವರು. ಆಳುವವರ ಶಾಲೆಗೆ ಬಿಳಿಯ ಹುಡುಗ ಕ್ಯಾಲಮ್ ಮೊದಲ ದಿನ ಕಾಲಿಡುವ ಪ್ರಸಂಗವನ್ನು ಓದುವಾಗ ೧೯೫೭ರಲ್ಲಿ ಅಮೆರಿಕದ ಲಿಟಲ್ ರಾಕ್ ಶಾಲೆಗೆ ಒಂಬತ್ತು ಮಂದಿ ನೀಗ್ರೋ ವಿದ್ಯಾರ್ಥಿಗಳು ಸೇರಿದ ಘಟನೆ ನೆನಪಾಗುತ್ತದೆ. ಗಾಯಕ್ಕೆ ಹಚ್ಚುವ ಪಟ್ಟಿಯು ಕಂದುಬಣ್ಣದಲ್ಲಿ ಮಾತ್ರ ದೊರೆಯುವುದರಿಂದ ಬಿಳಿಯ ಹುಡುಗಿಯ ಹಣೆಯ ಮೇಲೆ ಅದು ಎದ್ದು ಕಾಣುತ್ತದೆ. ಎಷ್ಟು ಸಣ್ಣ ವಸ್ತು! ಆದರೂ ಆಳುವವರ ದೇಹವೇ ದೇಹದ ಮಾದರಿ ಎಂಬುದನ್ನು ನಾಲ್ಕು ಪುಟಗಳ ಉಪನ್ಯಾಸಕ್ಕಿಂತ ಅದು ಚೆನ್ನಾಗಿ ತಿಳಿಸುತ್ತದೆ. ಈ ತಿರುವುಮುರುವಿನಿಂದ ಒಂದು ಮುಜುಗರದ ವಿಚಾರವೂ ಹೊರಬೀಳುತ್ತದೆ. ನಡೆದುಹೋದ ನೋವು ಅನುಭವಿಸಿದವರ ಮುಖದಲ್ಲಿಯೇ ಕಂಡಾಗ ಕರಗದ ಓದುಗ, ಮುಖ ಬದಲಾದೊಡನೆ ಕರಗುವನೆ? ಬ್ಲ್ಯಾಕ್‌ಮನ್ ಅವರು ಈ ಪ್ರಶ್ನೆಯನ್ನು ಬೇಕೆಂದೇ ಎತ್ತಿದ್ದಾರೆ. ಇತರ ಅನೇಕರು ವಸಾಹತುಗಳಲ್ಲಿಯೂ ತೋಟಗಳಲ್ಲಿಯೂ ನಡೆದುದನ್ನೆಲ್ಲ ಎತ್ತಿಕೊಂಡು, ಅದಕ್ಕೆ ಒಳಗಾದ ಜನರ ಹೆಸರನ್ನು ಮಾತ್ರ ಬಿಟ್ಟು, ಭವಿಷ್ಯದ ಕಥೆಯೆಂದು ಬರೆದಿದ್ದಾರೆ.

ಇನ್ನು ದುರ್ಬಲವಾದ ಗ್ರಂಥಗಳು. ವೆರೋನಿಕಾ ರಾತ್ ಅವರ 'ಡೈವರ್ಜೆಂಟ್' (೨೦೧೧) ಕಾದಂಬರಿಯಲ್ಲಿ ಷಿಕಾಗೋ ನಗರದ ಜನರು ಧೈರ್ಯ, ಜ್ಞಾನ, ತ್ಯಾಗ ಮುಂತಾದ ಗುಣಗಳಿಗನುಸಾರವಾಗಿ ಐದು ಪಂಗಡಗಳಾಗಿದ್ದಾರೆ. ವೇಗವಾಗಿ ಓದಿಸಿಕೊಂಡು ಹೋಗುವ ಕಥೆ. ಆದರೆ ಉಳುವವರ ಶ್ರಮದಿಂದ ಲಾಭ ಪಡೆಯುವವರು ಯಾರು, ಪಂಗಡವಿಲ್ಲದವರ ಕೂಲಿ ಎಷ್ಟು ಎಂದು ಕೇಳಿದರೆ ಕಥೆ ನಿರುತ್ತರವಾಗುತ್ತದೆ. ಅಸಾಧಾರಣ ಮನಸ್ಸಿನ ಒಬ್ಬ ಹುಡುಗಿ, ಉಳಿದವರು ಹಿಂಡು ಎಂಬ ಈ ಮಾದರಿಯೇ ನಮ್ಮ ತರಗತಿಯ ಪ್ರಶ್ನೆಗೆ ನೀರೆರೆಯುವುದು.

ತರುಣರು ನಿಜವಾಗಿ ಎದ್ದುನಿಂತ ಒಂದು ಸಂದರ್ಭವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ದಕ್ಷಿಣ ಆಫ್ರಿಕದ ಸರಕಾರವು ೧೯೫೩ರ ಬಾಂಟು ಶಿಕ್ಷಣ ಶಾಸನದಿಂದ ಕರಿಯ ಮಕ್ಕಳಿಗೆ ಕೀಳುದರ್ಜೆಯ ಶಿಕ್ಷಣವನ್ನು ಗೊತ್ತುಮಾಡಿತ್ತು. ೧೯೭೪ರಲ್ಲಿ ಅರ್ಧದಷ್ಟು ವಿಷಯಗಳನ್ನು ಆಳುವವರ ಭಾಷೆಯಾದ ಆಫ್ರಿಕಾನ್ಸ್‌ನಲ್ಲಿ ಕಲಿಸಬೇಕೆಂಬ ಆಜ್ಞೆಯೂ ಹೊರಟಿತು. ೧೯೭೬ರ ಮೇ ತಿಂಗಳಲ್ಲಿ ಸೊವೆಟೊದ ಆರ್ಲಾಂಡೊ ವೆಸ್ಟ್‌ನ ಒಂದು ಶಾಲೆಯ ಮಕ್ಕಳು ತರಗತಿಗಳನ್ನು ಬಹಿಷ್ಕರಿಸಿದರು. ಬೇರೆ ಶಾಲೆಗಳು ಅನುಸರಿಸಿದವು. ಜೂನ್ ೧೩ರಂದು ವಿದ್ಯಾರ್ಥಿಗಳು ಸಭೆ ಸೇರಿ ಕ್ರಿಯಾಸಮಿತಿಯನ್ನು ರಚಿಸಿದರು. ಜೂನ್ ೧೬ರಂದು ಸಾವಿರಾರು ಮಂದಿ ಮೆರವಣಿಗೆ ಹೊರಟರು. ಪೊಲೀಸರ ಗುಂಡಿಗೆ ಮೊದಲು ಬಲಿಯಾದವರಲ್ಲಿ ಹೆಕ್ಟರ್ ಪೀಟರ್‌ಸನ್ ಒಬ್ಬ. ಅವನ ವಯಸ್ಸು ಹನ್ನೆರಡು. ಪ್ಯಾನೆಮ್‌ನ ಚೀಟಿಯಲ್ಲಿ ಮಗುವಿನ ಹೆಸರು ಸೇರುವ ವಯಸ್ಸು. ಇಲ್ಲಿ ಒಬ್ಬಳೇ ನಾಯಿಕೆಯಿಲ್ಲ. ಶಾಲೆಯಿಂದ ಶಾಲೆಗೆ ಓಡಾಡಿದವರು, ಫಲಕ ಬರೆದವರು, ಹಿಂದಿನ ಏಳೆಂಟು ವರ್ಷ ಸ್ಟೀವ್ ಬೀಕೋ ಮತ್ತು ಅವನ ಸಂಗಡಿಗರ ವಿಚಾರಗಳನ್ನು ಹರಡಿದವರು ಇದ್ದರು. ಬೀಕೋ ಮರುವರ್ಷವೇ ಬಂಧನದಲ್ಲಿ ಸತ್ತನು. ಎಲ್ಲರಿಗೂ ಮತ ದೊರೆತ ಚುನಾವಣೆ ನಡೆದುದು ೧೯೯೪ರಲ್ಲಿ. ಗುಂಡಿನ ದಿನಕ್ಕೂ ಮತದ ದಿನಕ್ಕೂ ನಡುವೆ ಹದಿನೆಂಟು ವರ್ಷ. ಆ ಹುಡುಗನು ಬದುಕಿದ್ದರೆ ಮೂವತ್ತಾಗಿರುತ್ತಿತ್ತು. ಕಾದಂಬರಿಯ ಮೂರು ಸಂಪುಟಗಳಲ್ಲಿ ರಾಜ್ಯವು ಎರಡು ವರ್ಷಗಳೊಳಗೆ ಉರುಳುತ್ತದೆ. ಕಥೆಗೆ ವೇಗ ಬೇಕು, ಒಪ್ಪಿದೆವು. ಆದರೆ ಆ ವೇಗಕ್ಕೆ ಒಗ್ಗಿದ ಓದುಗನ ಕಣ್ಣಿಗೆ ನಡುವಣ ಹದಿನೆಂಟು ವರ್ಷಗಳು ಬರಿಯ ಸಹನೆಯಾಗಿ ಕಾಣುವ ಅಪಾಯವಿದೆ.

ಕಾಲಿನ್ಸ್ ಅವರ ಮೂರನೆಯ ಸಂಪುಟದ ವಿಷಯದಲ್ಲಿ ಒಂದು ಮಾತು ನ್ಯಾಯವಾಗಿ ಸಲ್ಲಬೇಕು. ಗೆದ್ದ ಬಂಡಾಯದ ನಾಯಕಿಯು ಸೋತ ರಾಜಧಾನಿಯ ಮಕ್ಕಳನ್ನು ಅದೇ ಕ್ರೀಡೆಗೆ ಇಳಿಸಬೇಕೆಂದು ಸೂಚಿಸುತ್ತಾಳೆ. ಕ್ಯಾಟ್ನಿಸ್‌ಳ ಕಡೆಯ ಬಾಣವು ಹಳೆಯ ಅಧ್ಯಕ್ಷನ ಬದಲು ಇವಳನ್ನು ತಾಗುತ್ತದೆ. ಈ ಅಂತ್ಯ ಅನೇಕ ವಿದ್ಯಾರ್ಥಿಗಳಿಗೆ ರುಚಿಸಿಲ್ಲ. ಫ್ರಾನ್ಸಿನ ೧೭೯೩-೯೪ರ ಭೀಕರ ಶಾಸನವನ್ನು ಪಾಠಮಾಡುವವರಿಗೆ ಅದು ರುಚಿಸದಿರದು.

ಪುಸ್ತಕವು ಅದನ್ನು ಬರೆದವರ ಕೈಮೀರಿ ಹೋಗುವುದೂ ಉಂಟು. ಕಾದಂಬರಿಯಲ್ಲಿ ಮೂರು ಬೆರಳೆತ್ತುವುದು ಹನ್ನೆರಡನೆಯ ಜಿಲ್ಲೆಯವರು ಶವಸಂಸ್ಕಾರದಂತಹ ಸಮಯದಲ್ಲಿ ಪ್ರಿಯರನ್ನು ಬೀಳ್ಕೊಡುವ ಹಳೆಯ ಸಂಜ್ಞೆ. ಥಾಯ್‌ಲೆಂಡಿನಲ್ಲಿ ೨೦೧೪ರ ಮೇ ೨೨ರಂದು ಸೈನ್ಯವು ಅಧಿಕಾರವನ್ನು ಕಸಿದುಕೊಂಡ ಮೇಲೆ ಅಲ್ಲಿಯ ಪ್ರತಿಭಟನಕಾರರು ಅದನ್ನು ಎತ್ತಿಕೊಂಡರು. ಆ ವರ್ಷದ ನವೆಂಬರಿನಲ್ಲಿ ಸೈನ್ಯಾಧಿಪತಿ-ಪ್ರಧಾನಿಯ ಎದುರಿಗೇ ಮೂರು ಬೆರಳೆತ್ತಿದ ಐವರು ವಿದ್ಯಾರ್ಥಿಗಳನ್ನು ಬಂಧಿಸಲಾಯಿತು. ೨೦೨೦ರಲ್ಲಿ ಅದೇ ದೇಶದ ಶಾಲಾಮಕ್ಕಳು ಬೆಳಗಿನ ರಾಷ್ಟ್ರಗೀತೆಯ ಹೊತ್ತಿನಲ್ಲಿ ಸಾಲಿನಲ್ಲಿ ನಿಂತು ಅದನ್ನೇ ಮಾಡಿದರು. ೨೦೨೧ರ ಫೆಬ್ರುವರಿಯ ಸೈನಿಕ ಕ್ರಾಂತಿಯ ಅನಂತರ ಮ್ಯಾನ್ಮಾರಿನ ವೈದ್ಯರೂ ಯುವಜನರೂ, ತಿಂಗಳ ಕೊನೆಗೆ ಸಂಯುಕ್ತ ರಾಷ್ಟ್ರಗಳ ಮಹಾಸಭೆಯಲ್ಲಿ ಆ ದೇಶದ ರಾಯಭಾರಿಯೂ ಬೆರಳೆತ್ತಿದರು. ಇವು ವ್ಯಾಪಾರದ ಪುಸ್ತಕಗಳು, ಹುಡುಗರ ಓದು ಎಂದು ತಳ್ಳಿಹಾಕುವ ನಮ್ಮ ಕೆಲವು ಮಿತ್ರರು ಈ ಸಂಗತಿಗಳನ್ನು ಪರಿಗಣಿಸಬೇಕೆಂದು ಕೋರುತ್ತೇವೆ.

ಕಳೆದ ವರ್ಷ ನಾವು ತರಗತಿಯಲ್ಲಿ ಗೇಲ್‌ನ ನಲವತ್ತೆರಡು ಚೀಟಿಗಳ ಲೆಕ್ಕವನ್ನು ಹಲಗೆಯ ಮೇಲೆ ಬರೆಯಿಸಿ, ಬಳಿಕ 'ಚೋಮನ ದುಡಿ'ಯನ್ನು ಓದಿಕೊಂಡು ಬರಲು ಹೇಳಿದೆವು. ಮುಂದಿನ ವಾರ ಜೀತಪದ್ಧತಿಯ ಪಾಠ. ಅವರೇಕೆ ತಿರುಗಿಬೀಳಲಿಲ್ಲ ಎಂದು ಅಂದು ಯಾರೂ ಕೇಳಲಿಲ್ಲ. ಹಿಂದಿನ ಬೆಂಚಿನ ವಿದ್ಯಾರ್ಥಿನಿಯೊಬ್ಬಳು ಎದ್ದುನಿಂತು, ಮುಂಗಡ ಎಷ್ಟಿರುತ್ತಿತ್ತು, ಅದನ್ನು ಬರೆದಿಡುತ್ತಿದ್ದವರು ಯಾರು, ಆ ಪುಸ್ತಕಗಳು ಈಗ ಯಾರ ಮನೆಯಲ್ಲಿರಬಹುದು ಎಂದು ವಿಚಾರಿಸಿದಳು. ಅವಳೂ ಅವಳ ಇಬ್ಬರು ಸಹಪಾಠಿಗಳೂ ಈಗ ತಮ್ಮ ತಮ್ಮ ಊರುಗಳಲ್ಲಿ ಹಳೆಯ ಲೆಕ್ಕದ ಪುಸ್ತಕಗಳನ್ನು ಹುಡುಕುತ್ತಿದ್ದಾರೆ.