ನವೆಂಬರ್ 1ರ ನಕ್ಷೆ

ಶಾಲೆಗಳಲ್ಲಿ ನವೆಂಬರ್ ಎಂದರೆ ಹೆಚ್ಚಾಗಿ ಮಕ್ಕಳ ದಿನದ ವೇಷಭೂಷಣ, ಭಾಷಣ. ಚೆನ್ನೈಯಲ್ಲಿ ಇತಿಹಾಸ ಕಲಿಸುವ ನಾನು ಆ ತಿಂಗಳ ಪಾಠವನ್ನು 1ನೇ ತಾರೀಕಿನಿಂದಲೇ ಜೋಡಿಸುತ್ತೇನೆ.

1956ರ ನವೆಂಬರ್ 1ರಂದು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ, ಕೊಳ್ಳೇಗಾಲ ಮೈಸೂರಿಗೆ ಸೇರಿದವು. ಕಾಸರಗೋಡು ಕೇರಳಕ್ಕೆ ಹೋಯಿತು. ಕನ್ಯಾಕುಮಾರಿ ಮದ್ರಾಸಿಗೆ ಬಂತು. ಬಳ್ಳಾರಿ 1953ರಲ್ಲೇ ಮೈಸೂರು ಸೇರಿತ್ತು. ಅಲ್ಲಿಯವರೆಗೆ ಮಂಗಳೂರು, ಬಳ್ಳಾರಿಗಳ ರಾಜಧಾನಿ ಇದೇ ಊರು!

ಕನ್ನಡ, ಮಲಯಾಳಂ ಮನೆಗಳ ಮಕ್ಕಳಿಗೆ ನವೆಂಬರ್ 1 ನಾಡಹಬ್ಬ. ತಮಿಳುನಾಡು ದಿನ ಮಾತ್ರ ಜುಲೈ 18. 1967ರಲ್ಲಿ ಹೆಸರು ಬದಲಿಸುವ ನಿರ್ಣಯವನ್ನು ವಿಧಾನಸಭೆ ಒಪ್ಪಿದ ದಿನ. ‘ಅವರ ಹಬ್ಬ ನಮಗೇಕಿಲ್ಲ?’ ಎಂಬ ಪ್ರಶ್ನೆ ಎದ್ದರೆ ಪಾಠ ಅರ್ಧ ಮುಗಿದಂತೆ. ಹಳೆಯ ನಕ್ಷೆಯ ಮೇಲೆ ಹೊಸದನ್ನಿಟ್ಟು ಯಾರಿಗೆ ಏನು ಸಿಕ್ಕಿತು, ಏನು ಕೈತಪ್ಪಿತು ಎಂದು ಮಕ್ಕಳೇ ಗುರುತಿಸಲಿ.

ನವೆಂಬರ್ 7 ಸಿ.ವಿ. ರಾಮನ್ ಜನ್ಮದಿನ. ತಿರುಚ್ಚಿಯಲ್ಲಿ ಹುಟ್ಟಿ, ಇಲ್ಲಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ, ಬೆಂಗಳೂರಿನಲ್ಲಿ ನೆಲೆಸಿದವರು. ಗಡಿ ದಾಟಿದ ಬದುಕಿಗೆ ಅದೂ ಉದಾಹರಣೆ.

ತಿಂಗಳಿಗೆ ಇಂಥ ಎರಡು ದಿನ ಸಾಕು. ಹತ್ತಾದರೆ ಅದು ಬರೀ ಕ್ಯಾಲೆಂಡರ್. ಗಡಿಯೂ ಮನುಷ್ಯರೇ ಎಳೆದ ಗೆರೆ ಎಂದು ತಿಳಿದ ಮಗು, ಪಕ್ಕದ ಬೆಂಚಿನ ಭಾಷೆಯನ್ನು ಪರಕೀಯ ಎನ್ನಲಾರದು.